ಹೆಡ್ಮಾಷ್ಟ್ರ ಇನ್ನೊಂದು ಪುಸ್ತಕ

ಬಹಳ ದಿನ ಆಯ್ತು ಇಲ್ಲಿ ಏನೂ ಬರೀದೆ. ಆಫೀಸು, ರಿಲೀಸು, ಟ್ರಾಫಿಕ್ಕು ಅನ್ನೋ ಮಾಮೂಲಿ ನೆಪಗಳು ಇದ್ದೇ ಇವೆ, ಬಿಡಿ. ಈ ಸಲ ಬರೀಲೇಬೇಕು ಅನ್ನಿಸಿದ್ದು ಒಬ್ಬ ಹೈಸ್ಕೂಲ್ ಹೆಡ್ಮಾಷ್ಟ್ರ ಬಗ್ಗೆ. ಸ್ವಲ್ಪ ಉದ್ದ ಆಗಬಹುದು. ಕಾಫಿ ತಂದಿಟ್ಕೊಂಡು ಓದಿ :)

ಮೊದಲು ಒಂದಿಷ್ಟು ಪೀಠಿಕೆ. ನಮ್ಮ ಕಡೆ ತೆಂಗಿನ ಸೀಮೆ. ನಾನು ಓದಿದ್ದು ಅಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ, ಕನ್ನಡ ಮಾಧ್ಯಮ. ಆಗ ಜೊತೆಗೆ ಓದಿದವರಲ್ಲಿ ಏಳೆಂಟು ಜನ ಈಗ ಬೆಂಗಳೂರಲ್ಲಿ ಇದ್ದೀವಿ. ನಮ್ಮದೊಂದು ವಾಟ್ಸಾಪ್ ಗುಂಪಿದೆ. ಹಬ್ಬಕ್ಕೆ ಶುಭಾಶಯ, ಕ್ರಿಕೆಟ್ ಇದ್ದಾಗ ಜಗಳ, ಮಿಕ್ಕ ದಿನ ಮೌನ. ಹೋದ ವರ್ಷ ಒಬ್ಬನಿಗೆ ಇದ್ದಕ್ಕಿದ್ದಂತೆ ಹೊಳೀತು, 'ನಮ್ಮ ಸ್ಕೂಲಿಗೆ ಏನಾದ್ರೂ ಮಾಡೋಣ ಕಣ್ರೋ' ಅಂತ. ಶುರುವಾಯ್ತು ನೋಡಿ ಚರ್ಚೆ. ಭವಿಷ್ಯಕ್ಕೆ ಮಕ್ಕಳನ್ನ ತಯಾರು ಮಾಡಬೇಕು ಅನ್ನೋದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಹೇಗೆ ಅನ್ನೋದಕ್ಕೆ ಮಾತ್ರ ಎಂಟು ಜನಕ್ಕೆ ಒಂಬತ್ತು ಐಡಿಯಾ. ಒಬ್ಬ ಕೋಡಿಂಗ್ ಅಂದ, ಇನ್ನೊಬ್ಬ ಎ.ಐ. ಅಂದ, ಮತ್ತೊಬ್ಬ ಸ್ಪೋಕನ್ ಇಂಗ್ಲಿಷ್ ಅಂದ, ಒಬ್ಬಳಂತೂ ರೋಬೋಟ್ ಕಿಟ್ಟಿನ ಬೆಲೆ ಸಮೇತ ಲಿಂಕ್ ಹಾಕಿದಳು. ಕೊನೆಗೆ 'ಶಾಲೆಯವರನ್ನೇ ಕೇಳೋಣ' ಅಂತ ತೀರ್ಮಾನ ಆಯ್ತು. ಊರಿಗೆ ಜಾಸ್ತಿ ಹೋಗೋನು ನಾನೇ ಆದ್ದರಿಂದ ಆ ಕೆಲಸ ನನ್ನ ತಲೆಗೆ ಬಂತು.

ನಮಗೆ ಗಣಿತ ಹೇಳಿಕೊಟ್ಟ ಮೇಷ್ಟ್ರೇ ಈಗ ಅಲ್ಲಿ ಮುಖ್ಯೋಪಾಧ್ಯಾಯರು. ಬಡ್ತಿ ಸಿಕ್ಕಿ ಬೇರೆ ಕಡೆ ಹೋಗಿದ್ದವರು ವರ್ಗಾವಣೆ ಮೇಲೆ ವಾಪಸ್ಸು ಬಂದಿದ್ದಾರೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಅವರ ಮುಂದೆ ಕೂತು, ನಮ್ಮ ಗುಂಪಿನ ಪ್ರಶ್ನೆಯನ್ನ ಆದಷ್ಟೂ ಗಂಭೀರವಾಗಿ ಕೇಳಿದೆ. 'ಸಾರ್, ಮಕ್ಕಳನ್ನ ಮುಂದಿನ ಕಾಲಕ್ಕೆ ತಯಾರು ಮಾಡೋಕೆ ನಮ್ಮಿಂದ ಏನಾಗಬೇಕು?'

'ಮುಂದಿನ ಕಾಲ ಅಂದ್ರೆ ಯಾವುದಯ್ಯಾ? ನೀನು 2040ನೇ ಇಸವಿ ಬಗ್ಗೆ ಕೇಳ್ತಿದೀಯ. ನನಗೆ ಮುಂದಿನ ಕಾಲ ಅಂದ್ರೆ ಬರೋ ಜೂನು' ಅಂದ್ರು.

ಮಾತು ತಮಾಷೆಯಾಗಿತ್ತು, ಆದ್ರೆ ಅವರು ತಮಾಷೆ ಮಾಡ್ತಿರಲಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ, ಆಮೇಲೆ ಫಲಿತಾಂಶ, ಜೂನಿನ ಹೊತ್ತಿಗೆ ಹದಿನಾರು ವರ್ಷದ ಮಗು ಮುಂದೆ ಎಲ್ಲಿಗೆ ಹೋಗುತ್ತೆ ಅನ್ನೋದು ತೀರ್ಮಾನ ಆಗಿಬಿಟ್ಟಿರುತ್ತೆ. ಕಾಲೇಜಿಗೋ, ಐ.ಟಿ.ಐ.ಗೋ, ಗಾರ್ಮೆಂಟ್ಸಿಗೋ, ಅಥವಾ ಎಲ್ಲಿಗೂ ಇಲ್ಲವೋ. 'ಆ ಮೂರು ತಿಂಗಳಲ್ಲಿ ಮುಚ್ಚಿದ ಬಾಗಿಲನ್ನ ಆಮೇಲೆ ತೆಗೆಯೋದು ಬಹಳ ಕಷ್ಟ. ನನ್ನ ಕೆಲಸ ಏನಂದ್ರೆ ಯಾವ ಬಾಗಿಲೂ ಸುಮ್ಮಸುಮ್ಮನೆ ಮುಚ್ಚದ ಹಾಗೆ ನೋಡ್ಕೊಳ್ಳೋದು. ಒಳಗೆ ಹೋಗೋದು ಬಿಡೋದು ಅವರ ಕೈಲಿದೆ' ಅಂದ್ರು.

ಬಾಗಿಲು ಯಾವ್ಯಾವ ಕಾರಣಕ್ಕೆ ಮುಚ್ಚುತ್ತೆ ಅಂತ ಅವರು ಹೇಳ್ತಾ ಹೋದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯ್ತು. ಮೊದಲನೇದು ಹೆಸರು!

ಎಂಟನೇ ಕ್ಲಾಸಿಗೆ ಸೇರೋ ಪ್ರತಿ ಮಗುವಿನ ಅಪ್ಪನನ್ನೋ ಅಮ್ಮನನ್ನೋ ಕೂರಿಸ್ಕೊಂಡು ಜನನ ಪ್ರಮಾಣಪತ್ರ, ಆಧಾರ್, ಹಿಂದಿನ ಶಾಲೆಯ ಟಿ.ಸಿ., ಇಲಾಖೆಯ ಎಸ್.ಎ.ಟಿ.ಎಸ್. ದಾಖಲೆ, ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರಂತೆ. ಒಂದರಲ್ಲಿ ಮಂಜುನಾಥ, ಇನ್ನೊಂದರಲ್ಲಿ ಮಂಜು, ಮತ್ತೊಂದರಲ್ಲಿ ಅಪ್ಪನ ಹೆಸರೂ ಸೇರಿ ಮಂಜುನಾಥ್ ಕೆ. ಹುಟ್ಟಿದ ದಿನ ಒಂದರಲ್ಲಿ ಜೂನ್ 1, ಇನ್ನೊಂದರಲ್ಲಿ ದೀಪಾವಳಿ ಹೊತ್ತಿಗೆ. (ಜೂನ್ 1ರ ಹುಟ್ಟುಹಬ್ಬ ನಮ್ಮ ಗುಂಪಲ್ಲೇ ಮೂರು ಜನರದ್ದಿದೆ. ಯಾಕೆ ಅಂತ ನಿಮಗೂ ಗೊತ್ತು :)) ಹತ್ತನೇ ಕ್ಲಾಸಿನ ಅಂಕಪಟ್ಟಿ ಒಮ್ಮೆ ಪ್ರಿಂಟಾಗಿ ಬಂದ್ರೆ ಆಮೇಲೆ ಜೀವನಪೂರ್ತಿ ಎಲ್ಲರೂ ಕೇಳೋದು ಅದನ್ನೇ. ತಿದ್ದುಪಡಿ ಆಗಬೇಕು ಅಂದ್ರೆ ಶಾಲೆಯಿಂದ ಮಂಡಳಿಯವರೆಗೂ ಅಲೆಯಬೇಕು. ಎಂಟನೇ ಕ್ಲಾಸಲ್ಲೇ ಸರಿಮಾಡಿದ್ರೆ ಅರ್ಧ ದಿನದ ಕೆಲಸ.

ಇದು ಸಣ್ಣ ವಿಷಯ ಅನ್ಕೋಬೇಡಿ. ನಮ್ಮ ಫೀಲ್ಡಲ್ಲಿ ಇರೋರಿಗೆ ಇದರ ನೋವು ಚೆನ್ನಾಗಿ ಗೊತ್ತು. ನಮ್ಮಲ್ಲಿ ಸರ್‌ನೇಮ್ ಅನ್ನೋದು ಬಹಳ ಜನಕ್ಕೆ ಇರೋದೇ ಇಲ್ಲ, ಇರೋದು ಇನಿಷಿಯಲ್ಲು. ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರೆಲ್ಲ ಸರ್‌ನೇಮ್ ಜಾಗಕ್ಕೆ ಹೋಗಿ ಇನ್ನೊಂದು ಜಾಗ ಖಾಲಿ ಉಳಿದ್ರೆ, ಅಮೆರಿಕದ ವೀಸಾ ಮೇಲೆ 'ಎಫ್.ಎನ್.ಯು.' ಅಂತ ಬರುತ್ತೆ. ಮೊದಲ ಹೆಸರು ಗೊತ್ತಿಲ್ಲ ಅನ್ನೋದರ ಸಂಕ್ಷೇಪ ಅದು. ನನ್ನ ಟೀಮಿನಲ್ಲಿ ಒಬ್ಬನನ್ನ ಅಲ್ಲಿಗೆ ಹೋದ ಮೇಲೆ ಎಲ್ಲರೂ 'ಫನೂ' ಅಂತಲೇ ಕರೀತಿದ್ರಂತೆ.

ಎರಡನೇದು ಅರ್ಜಿಗಳು. ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್.ಎಂ.ಎಂ.ಎಸ್. ಅಂತ ಒಂದು ಪರೀಕ್ಷೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆ ಮಕ್ಕಳಿಗೆ ಮಾತ್ರ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದ ಒಳಗಿರಬೇಕು. ತೊಂಬತ್ತು ತೊಂಬತ್ತು ಪ್ರಶ್ನೆಗಳ ಎರಡು ಪತ್ರಿಕೆ. ಆಯ್ಕೆ ಆದ್ರೆ ಒಂಬತ್ತರಿಂದ ಎರಡನೇ ಪಿ.ಯು.ವರೆಗೆ ವರ್ಷಕ್ಕೆ 12,000 ರೂಪಾಯಿ. ತಿಂಗಳಿಗೆ ಸಾವಿರ ಅಂದ್ರೆ ನಮಗೆ ಒಂದು ಸಂಜೆಯ ಊಟದ ಬಿಲ್ಲು. ಅಲ್ಲಿ ಅದು 'ಕಾಲೇಜಿಗೆ ದುಡ್ಡು ಎಲ್ಲಿಂದ ತರೋದು' ಅನ್ನೋ ಮಾತಿಗೆ ಉತ್ತರ. ಆದ್ರೆ ಅದಕ್ಕೆ ಅರ್ಜಿ ಹಾಕಬೇಕು. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತರಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ಇವುಗಳಲ್ಲಿ ಒಂದು ಇಲ್ಲ ಅಂದ್ರೂ ಬುದ್ಧಿವಂತ ಮಗುವಿಗೂ ದುಡ್ಡು ಬರಲ್ಲ.

ಹಾಗೇ ಸಿ.ಇ.ಟಿ. ಮೀಸಲಾತಿ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಎಷ್ಟೋ ಅಪ್ಪ-ಅಮ್ಮಂದಿರು ಒಂಬತ್ತನೇ ಕ್ಲಾಸಿಗೆ ಮಗನನ್ನ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮೀಡಿಯಂಗೆ ಸೇರಿಸ್ತಾರೆ. ಸೇರಿಸೋದು ಅವರ ಇಷ್ಟ, ಆದ್ರೆ ಎಂಟು ವರ್ಷ ಕಾಪಾಡಿಕೊಂಡು ಬಂದ ಎರಡೂ ಮೀಸಲಾತಿ ಆ ಒಂದು ಟಿ.ಸಿ. ಜೊತೆಗೆ ಹೋಗುತ್ತೆ ಅಂತ ಅವರಿಗೆ ಯಾರೂ ಹೇಳಿರಲ್ಲ. 'ನಾನು ಬೇಡ ಅನ್ನಲ್ಲ. ಕೂರಿಸಿ ಹೇಳ್ತೀನಿ, ಗೊತ್ತಿದ್ದೂ ಹೋದ್ರೆ ಹೋಗಲಿ, ಗೊತ್ತಿಲ್ಲದೆ ಹೋಗಬಾರದು' ಅಂದ್ರು ಮೇಷ್ಟ್ರು.

ಇಷ್ಟು ಕೇಳೋ ಹೊತ್ತಿಗೆ ನನಗೆ ಸ್ವಲ್ಪ ಕಸಿವಿಸಿ. ಕೇಳಿಯೇಬಿಟ್ಟೆ. 'ಸಾರ್, ಇದೆಲ್ಲ ಗುಮಾಸ್ತರ ಕೆಲಸ ಆಯ್ತಲ್ಲ? ಪಾಠ? ಕನಸು? ಅದನ್ನ ಯಾರು ಕಟ್ಟಿಕೊಡ್ತಾರೆ?'

'ಕನಸಿಗೇನೂ ಬರ ಇಲ್ಲ ಕಣಯ್ಯ. ಒಂಬತ್ತನೇ ಕ್ಲಾಸಿಗೆ ಹೋಗಿ ಏನಾಗ್ತೀರಾ ಅಂತ ಕೇಳು. ಅರ್ಧ ಜನ ಐ.ಎ.ಎಸ್., ಮಿಕ್ಕವರು ಡಾಕ್ಟರು, ಇಬ್ಬರು ಪೊಲೀಸು. ಆ ಕನಸಿಗೂ ಇವತ್ತಿಗೂ ಮಧ್ಯ ಎಷ್ಟು ಮೆಟ್ಟಿಲಿದೆ, ಮೊದಲನೇದು ಯಾವುದು ಅಂತ ಕೇಳು, ಎಲ್ಲರೂ ಸುಮ್ಮನಾಗ್ತಾರೆ.'

ಅದಕ್ಕೇ ಅವರು ಹತ್ತನೇ ಕ್ಲಾಸಿನ ಹೊರಗೋಡೆ ಮೇಲೆ ಆ ಮೆಟ್ಟಿಲುಗಳನ್ನ ಬರೆಸಿದ್ದಾರೆ. ಅದರ ಮುಂದೆ ನಿಂತು ಓದಿದಾಗ, ಇಂಜಿನಿಯರಿಂಗ್ ಮುಗಿಸಿದ ನನಗೂ ಅರ್ಧ ಗೊತ್ತಿರಲಿಲ್ಲ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದು. ಡಿಪ್ಲೊಮಾ ಆದವರು ಡಿ.ಸಿ.ಇ.ಟಿ. ಬರೆದು ಬಿ.ಇ.ಯ ಎರಡನೇ ವರ್ಷಕ್ಕೇ ಸೇರಬಹುದು. ಅಂದ್ರೆ ಹತ್ತನೇ ಕ್ಲಾಸಲ್ಲಿ ಕಡಿಮೆ ಅಂಕ ಬಂದು ಫಿಟ್ಟರ್ ಟ್ರೇಡ್ ಸೇರಿದ ಹುಡುಗನಿಗೂ ಇಂಜಿನಿಯರ್ ಆಗೋ ದಾರಿ ಇದ್ದೇ ಇದೆ, ಸ್ವಲ್ಪ ಸುತ್ತು ಅಷ್ಟೆ. ಟೂಲ್ ಅಂಡ್ ಡೈ ಡಿಪ್ಲೊಮಾ ಕೊಡೋ ಸರ್ಕಾರಿ ಜಿ.ಟಿ.ಟಿ.ಸಿ.ಯ ಹೆಸರೂ ಆ ಗೋಡೆ ಮೇಲಿದೆ. 'ಫೇಲಾದ್ರೆ' ಅಂತಲೂ ಒಂದು ಬಾಣದ ಗುರುತು ಇದೆ. ಅದು ಮುಂದಿನ ಪರೀಕ್ಷೆಯ ಕಡೆಗೆ ಹೋಗುತ್ತೆ.

ಆ ಬಾಣದ ಬಗ್ಗೆ ಸ್ವಲ್ಪ ಹೇಳಬೇಕು. 2024ರಲ್ಲಿ ಪೂರಕ ಪರೀಕ್ಷೆ ಅನ್ನೋ ಹೆಸರು ತೆಗೆದು ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ತಂದರು. ಅದೇ ವರ್ಷ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇ. 73.40ಕ್ಕೆ ಇಳೀತು, ಅದೂ ಕೃಪಾಂಕ ಜಾಸ್ತಿ ಮಾಡಿದ ಮೇಲೆ. ಪೇಪರಲ್ಲಿ ಯಾವ ಜಿಲ್ಲೆ ಮೇಲೆ, ಯಾವ ಜಿಲ್ಲೆ ಕೆಳಗೆ ಅಂತ ದೊಡ್ಡ ಸುದ್ದಿ. ಹೆಡ್ಮಾಷ್ಟ್ರುಗಳಿಗೆ ನೋಟಿಸು, ಸಭೆ. ನಮ್ಮ ಮೇಷ್ಟ್ರು ಆ ಮೇ ತಿಂಗಳಲ್ಲಿ ಮಾಡಿದ ಕೆಲಸ ಏನಪ್ಪಾ ಅಂದ್ರೆ, ಫೇಲಾದ ಮಕ್ಕಳ ಪಟ್ಟಿ ಹಿಡ್ಕೊಂಡು ಬೈಕಲ್ಲಿ ಮನೆಮನೆಗೆ ಹೋಗಿದ್ದು. 'ಪಾಸಾದವರು ತಾವೇ ಸ್ಕೂಲಿಗೆ ಬಂದು ಸ್ವೀಟ್ ಕೊಡ್ತಾರೆ. ಫೇಲಾದವರು ಸ್ಕೂಲಿನ ರಸ್ತೆಯಲ್ಲೇ ಓಡಾಡಲ್ಲ. ನಾವೇ ಹೋಗಬೇಕು. ಒಂದು ವಾರ ತಡ ಆದ್ರೆ ಹುಡುಗ ಕೆಲಸಕ್ಕೆ ಸೇರಿರ್ತಾನೆ, ಮೊದಲ ಸಂಬಳ ಕೈಗೆ ಬಂದ ಮೇಲೆ ವಾಪಸ್ಸು ಬರಲ್ಲ.'

ಹಾಗಂತ ಪಾಠದ ಕಡೆ ಗಮನ ಇಲ್ಲ ಅಂತಲ್ಲ. 'ಅಸರ್' ವರದಿ ಬಗ್ಗೆ ನೀವು ಕೇಳಿರಬಹುದು. 2023ರ ಅಸರ್ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳನ್ನ ಕುರಿತದ್ದು. 26 ರಾಜ್ಯಗಳ 28 ಜಿಲ್ಲೆಗಳಲ್ಲಿ ಮಾಡಿದ್ದು, ನಮ್ಮ ರಾಜ್ಯದಿಂದ ಮೈಸೂರು ಜಿಲ್ಲೆ ಇತ್ತು. ಅದರ ಪ್ರಕಾರ ಆ ವಯಸ್ಸಿನವರಲ್ಲಿ ಸುಮಾರು ಕಾಲುಭಾಗ ಜನಕ್ಕೆ ಎರಡನೇ ಕ್ಲಾಸಿನ ಪಠ್ಯವನ್ನ ತಮ್ಮದೇ ಭಾಷೆಯಲ್ಲಿ ಸರಾಗವಾಗಿ ಓದೋಕೆ ಬರಲ್ಲ. ಮೂರಂಕಿಯನ್ನ ಒಂದಂಕಿಯಿಂದ ಭಾಗಿಸೋ ಲೆಕ್ಕ ಸರಿಯಾಗಿ ಮಾಡಿದವರು ಶೇ. 43.3 ಮಾತ್ರ. ನನಗೆ ಇದು ಓದಿ ಗಾಬರಿ. ಮೇಷ್ಟ್ರಿಗೆ ಗಾಬರಿ ಏನೂ ಇರಲಿಲ್ಲ, ಅವರು ಅದನ್ನ ದಿನಾ ನೋಡ್ತಾರೆ.

ಅವರ ಶಾಲೆಯಲ್ಲಿ ಪ್ರಾರ್ಥನೆಗೆ ಮುಂಚೆ ಮುಕ್ಕಾಲು ಗಂಟೆ 'ಪೇಪರ್ ಗುಂಪು' ಅಂತ ನಡೆಯುತ್ತೆ. ಓದೋಕೆ ತೊಡರೋ ಮಕ್ಕಳ ಗುಂಪು ಅದು. ಹಿಂದುಳಿದವರ ತರಗತಿ ಅಂದ್ರೆ ನಾಚಿಕೆ ಆಗುತ್ತೆ ಅಂತ ಆ ಹೆಸರು. ದಿನಪತ್ರಿಕೆ ಓದ್ತಾರೆ, ಕರೆಂಟ್ ಬಿಲ್ ಓದ್ತಾರೆ, ಬಿತ್ತನೆ ಬೀಜದ ಪ್ಯಾಕೆಟ್ ಮೇಲಿರೋದನ್ನ ಗಟ್ಟಿಯಾಗಿ ಓದ್ತಾರೆ. ಲೆಕ್ಕ ಅಂದ್ರೆ ಕೊಬ್ಬರಿ ಲೆಕ್ಕ. ಕ್ವಿಂಟಾಲಿಗೆ ಇಷ್ಟು ರೇಟು, ಅಪ್ಪ ಒಯ್ದದ್ದು ಮೂರು ಕ್ವಿಂಟಾಲ್ ನಲವತ್ತು ಕೆ.ಜಿ., ಲಗೇಜ್ ಆಟೋಗೆ ಇಷ್ಟು, ಮನೆಗೆ ಬಂದದ್ದೆಷ್ಟು? 'ಭಾಗಾಕಾರ ಬರದೇ ಇರೋನೂ ಇದನ್ನ ಮಾಡ್ತಾನೆ. ಅಪ್ಪನಿಗೆ ಎಲ್ಲಿ ಕಮ್ಮಿ ಕೊಟ್ರು ಅಂತ ಕಂಡುಹಿಡೀಬೇಕಲ್ಲ!'

ಎ.ಐ. ಬಗ್ಗೆ ಕೇಳದೆ ಬರೋ ಹಾಗಿರಲಿಲ್ಲ, ಗುಂಪಲ್ಲಿ ನನ್ನ ಮಾನ ಹೋಗುತ್ತೆ. ಮಕ್ಕಳು ಆಗಲೇ ಅಪ್ಪನ ಫೋನಲ್ಲಿ ಚಾಟ್‌ಜಿಪಿಟಿಗೆ ಪ್ರಬಂಧ ಬರೆಸಿಕೊಂಡು ಬರ್ತಿದಾರಂತೆ. ಮೇಷ್ಟ್ರು ಬೈಯೋಕೆ ಹೋಗಲಿಲ್ಲ. 'ನಮ್ಮೂರ ಕೆರೆ' ಅನ್ನೋ ಪ್ರಬಂಧವನ್ನ ಅದರ ಹತ್ತಿರವೇ ಬರೆಸಿ, ಪ್ರಿಂಟ್ ತೆಗೆದು, ಕ್ಲಾಸಿಗೆ ಹಂಚಿ, ತಪ್ಪು ಹುಡುಕ್ರಪ್ಪ ಅಂದ್ರಂತೆ. ಕೆರೆ ತುಂಬಾ ಕಮಲದ ಹೂವು, ದೋಣಿವಿಹಾರ, ಯಾವುದೋ ರಾಜ ಕಟ್ಟಿಸಿದ್ದು ಅಂತೆಲ್ಲ ಬರೆದಿತ್ತಂತೆ. ನಮ್ಮ ಕೆರೆಯಲ್ಲಿ ಇರೋದು ಜೊಂಡು ಮತ್ತು ಎಮ್ಮೆ. ಮಕ್ಕಳು ನಕ್ಕೂ ನಕ್ಕೂ, ಸಂಜೆ ಹೋಗಿ ಅಜ್ಜಂದಿರನ್ನ ಕೇಳಿ, ಮಾರನೇ ದಿನ ತಾವೇ ಬರೆದು ತಂದ್ರು. ನಾನು ದಿನಾ ಆಫೀಸಲ್ಲಿ ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ಯಂತ್ರ ಬರೆದುಕೊಟ್ಟ ಕೋಡನ್ನ ಓದಿ ಎಲ್ಲಿ ಕೆರೆ ಇಲ್ಲದ ಕಡೆ ದೋಣಿ ಬಿಟ್ಟಿದೆ ಅಂತ ಹುಡುಕೋದು. ನಾನು ಕಾಲೇಜಲ್ಲಿ ಕಲಿತ ಟೂಲುಗಳಲ್ಲಿ ಅರ್ಧವನ್ನ ಈಗ ಯಾರೂ ಮುಟ್ಟಲ್ಲ. ಓದಿ ಅರ್ಥ ಮಾಡ್ಕೊಳ್ಳೋದು, ಸಂಶಯ ಪಡೋದು, ಗೊತ್ತಿರೋರನ್ನ ಕೇಳೋದು, ಇವು ಮಾತ್ರ ಉಳಿದಿವೆ.

ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರ ಜೊತೆ ನನಗೆ ಈಗಲೂ ತಕರಾರು ಇದೆ. ಕಂಪ್ಯೂಟರ್ ಕೋಣೆಗೆ ಬೀಗ. ಕೆಲಸ ಮಾಡೋ ನಾಲ್ಕು ಕಂಪ್ಯೂಟರಲ್ಲಿ ಒಂದು ಆಫೀಸಿಗೆ, ಬಿಸಿಯೂಟದ ಲೆಕ್ಕ, ಹಾಜರಾತಿ, ಇಲಾಖೆಗೆ ಕಳಿಸೋ ಮಾಹಿತಿ ಎಲ್ಲಾ ಅದರಲ್ಲೇ. ಉಳಿದ ಮೂರು 'ಹಾಳಾಗ್ತವೆ' ಅಂತ ಮುಚ್ಚಿಟ್ಟಿದ್ದಾರೆ. ಹಾಳಾಗಲಿ ಸಾರ್, ಹಾಳು ಮಾಡಿಯೇ ತಾನೇ ಕಲಿಯೋದು ಅಂದೆ. 'ಹಾಳಾದ್ರೆ ಆಡಿಟ್ಟಿಗೆ ಉತ್ತರ ಕೊಡೋನು ನಾನು, ನೀನಲ್ಲ' ಅಂದ್ರು. ಅವರ ಕಷ್ಟ ಅರ್ಥ ಆಗುತ್ತೆ. ಆದ್ರೂ ಬೀಗ ಹಾಕಿದ ಕೋಣೆಯೂ ಒಂದು ಮುಚ್ಚಿದ ಬಾಗಿಲೇ ಅಲ್ವಾ?

ಇನ್ನು ತಲೆಬರಹದಲ್ಲಿ ಹೇಳಿದ ಪುಸ್ತಕದ ವಿಷಯ. ಸರ್ಕಾರ ಇಡಿ ಅಂದ ರಿಜಿಸ್ಟರುಗಳು ಬೀರುವಿನ ತುಂಬಾ ಇವೆ. ಅದರ ಜೊತೆ ಇನ್ನೂರು ಪುಟದ ಒಂದು ಮಾಮೂಲಿ ನೋಟ್‌ಬುಕ್ಕು. ಇದನ್ನ ಇಡಿ ಅಂತ ಯಾರೂ ಹೇಳಿಲ್ಲ, ಯಾವ ತಪಾಸಣೆಗೂ ಬೇಕಿಲ್ಲ. ಶಾಲೆ ಬಿಟ್ಟುಹೋದ ಪ್ರತಿ ಮಗುವಿಗೂ ಒಂದೊಂದು ಸಾಲು. ಮೊದಲನೇ ವರ್ಷ ಏನು ಮಾಡ್ತಿದೆ, ಎರಡನೇ ವರ್ಷ ಏನು ಮಾಡ್ತಿದೆ. ಹಳ್ಳಿಗೆ ಹೋದಾಗ, ಜಾತ್ರೆಯಲ್ಲಿ, ತಮ್ಮ-ತಂಗಿಯರನ್ನ ಕೇಳಿ ತುಂಬಿಸ್ತಾರೆ. 'ಪಿ.ಯು. ಕಾಮರ್ಸ್.' 'ಐ.ಟಿ.ಐ. ಎಲೆಕ್ಟ್ರಿಷಿಯನ್.' 'ನರ್ಸಿಂಗ್ ಸೇರಲು ಯೋಚನೆ.' 'ಮದುವೆ.' 'ಗೊತ್ತಿಲ್ಲ.'

'ನನ್ನ ಶಾಲೆ ಫಲಿತಾಂಶ ಮೇ ತಿಂಗಳಲ್ಲಿ ಬರಲ್ಲ ಕಣಯ್ಯ. ಎರಡು ವರ್ಷ ಬಿಟ್ಟು ಇದರಲ್ಲಿ ಬರುತ್ತೆ' ಅಂದ್ರು.

ಆ ಪುಸ್ತಕದಲ್ಲಿ ಒಬ್ಬ ಹುಡುಗಿಯ ಸಾಲಿನ ಪಕ್ಕ 'ಬಸ್ಸು' ಅಂತ ಬರೆದು ಎರಡು ಗೆರೆ ಎಳೆದಿದ್ರು. ಏನು ಸಾರ್ ಇದು ಅಂದೆ. 625ಕ್ಕೆ 571 ತೆಗೆದಿದ್ದ ಹುಡುಗಿ. ವಿಜ್ಞಾನ ಓದೋಕೆ ಹದಿನೆಂಟು ಕಿಲೋಮೀಟರ್ ದೂರದ ಕಾಲೇಜು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಹಾಗಾಗಿ ದುಡ್ಡಿನ ಪ್ರಶ್ನೆ ಇರಲಿಲ್ಲ. ಪ್ರಶ್ನೆ ಇದ್ದದ್ದು ಹೊತ್ತಿನದ್ದು. ಕ್ಲಾಸು ಬಿಡೋದು ನಾಲ್ಕೂವರೆಗೆ, ಅವಳ ಊರಿನ ಬಸ್ಸು ಹೊರಡೋದು ನಾಲ್ಕೂಕಾಲಿಗೆ. ಮುಂದಿನದು ಆರೂಮುಕ್ಕಾಲಿಗೆ. ಅಪ್ಪ ಬಂದು ಕೈಕಟ್ಟಿ ನಿಂತು ಹೇಳಿದನಂತೆ, 'ಓದುಸ್ಬಾರ್ದು ಅಂತಲ್ಲ ಸಾ. ಕತ್ಲಾದ್ಮೇಲೆ ಗೇಟಿಂದ ಊರ್ಗಂಟ ಒಬ್ಳೇ ನಡ್ಕಂಡು ಬರ್ಬೇಕಲ್ಲ, ತಾವೇ ಹೇಳಿ.'

ಆ ಮಾತಿಗೆ ಎದುರು ಹೇಳೋಕೆ ಆಗಲ್ಲ. ಮೇಷ್ಟ್ರು ಹೇಳಲೂ ಇಲ್ಲ. ಊರವರ, ಕಾಲೇಜಿನವರ, ಪಂಚಾಯ್ತಿಯವರ ಸಹಿ ಹಾಕಿಸಿ, ನಾಲ್ಕೂಕಾಲರ ಬಸ್ಸನ್ನ ಅರ್ಧ ಗಂಟೆ ಮುಂದಕ್ಕೆ ಹಾಕಿ ಅಂತ ಡಿಪೋಗೆ ಅರ್ಜಿ ಕೊಟ್ರು. ಎರಡು ಸಲ ಹೋಗಿ ಬರಿಗೈಯಲ್ಲಿ ಬಂದ್ರು. ಮೂರನೇ ಸಲ ಆಯ್ತು, ಆದ್ರೆ ಅಷ್ಟು ಹೊತ್ತಿಗೆ ಆಗಸ್ಟ್. ನಡುವಿನ ಎರಡು ತಿಂಗಳು ಹುಡುಗಿ ಕಾಲೇಜಿನ ಊರಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ಉಳಿಯೋ ಹಾಗೆ ಅಪ್ಪನನ್ನ ಒಪ್ಪಿಸಿದ್ದೂ ಮೇಷ್ಟ್ರೇ. 'ಹದಿನಾರರಿಂದ ಹದಿನೆಂಟರವರೆಗೆ ಹೆಣ್ಣುಮಗು ಮನೇಲಿ ಕೂತ್ರೆ ಮನೆಯವರ ತಲೇಲಿ ಬೇರೆ ಯೋಚನೆ ಶುರುವಾಗುತ್ತೆ. ಆ ಎರಡು ವರ್ಷ ದಾಟಿಸಿಬಿಡಬೇಕು' ಅಂದ್ರು. ದಸರಾ ಆದ ಮೇಲೆ ಆ ಬಸ್ಸು ಮತ್ತೆ ಒಂದಿನ ಬಂದ್ರೆ ಒಂದಿನ ಇಲ್ಲ. ಆದ್ರೆ ಆಗಲೇ ಅದನ್ನ ನಂಬಿ ಆ ಕಡೆಯಿಂದ ಏಳು ಮಕ್ಕಳು ಕಾಲೇಜಿಗೆ ಸೇರಿ ಆಗಿತ್ತು. ಬಸ್ಸು ಬರದ ದಿನ ಅಪ್ಪಂದಿರೇ ಸರದಿ ಪ್ರಕಾರ ಲಗೇಜ್ ಆಟೋ ತರ್ತಾರಂತೆ. ಹುಡುಗಿ ಈಗ ಎರಡನೇ ಪಿ.ಯು.

ಮಕ್ಕಳನ್ನ ಭವಿಷ್ಯಕ್ಕೆ ತಯಾರು ಮಾಡೋದು ಅಂದ್ರೆ ಒಂದು ಬಸ್ಸನ್ನ ಅರ್ಧ ಗಂಟೆ ತಡ ಮಾಡಿಸೋದು ಅಂತ ನಮ್ಮ ಎಂಟು ಜನರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಗುಂಪಿಗೆ ಬಂದು ಎಲ್ಲಾ ಹೇಳಿದೆ. ಸುಮಾರು ಹೊತ್ತು ಯಾರೂ ಏನೂ ಬರೀಲಿಲ್ಲ, ಆಮೇಲೆ ಒಬ್ಬೊಬ್ಬರೇ ಶುರುಮಾಡಿದ್ರು. ಈಗ ತೀರ್ಮಾನ ಆಗಿರೋದು ಇಷ್ಟು. ಪೇಪರ್ ಗುಂಪಿಗೆ ಕಥೆಪುಸ್ತಕಗಳು, ಎನ್.ಎಂ.ಎಂ.ಎಸ್. ಅಭ್ಯಾಸದ ಪುಸ್ತಕಗಳು. ಅರ್ಜಿ ತುಂಬೋ ತಿಂಗಳಲ್ಲಿ ಶನಿವಾರ ಇಬ್ಬರು ಊರಿಗೆ ಹೋಗೋದು. ಕಂಪ್ಯೂಟರ್ ರಿಪೇರಿ ಖರ್ಚು ನಮ್ಮದು, ಅದಕ್ಕೆ ಬದಲಾಗಿ ಬೀಗ ತೆಗೀಬೇಕು (ಮೇಷ್ಟ್ರು 'ನೋಡೋಣ' ಅಂದಿದ್ದಾರೆ). ಕೊನೇದು, ಆ ನೋಟ್‌ಬುಕ್ಕಿನ 'ಗೊತ್ತಿಲ್ಲ'ಗಳು. ಅವರಲ್ಲಿ ಬಹಳ ಜನ ಬೆಂಗಳೂರಿಗೇ ಬಂದಿರ್ತಾರೆ. ನಾವೂ ಇಲ್ಲೇ ಇದ್ದೀವಲ್ಲ.

ಮೂರು ಹೆಸರು ಕೊಟ್ಟಿದ್ರು. ಒಬ್ಬನ ಫೋನು ಸ್ವಿಚ್ ಆಫ್. ಒಬ್ಬ ಊರಿಗೇ ವಾಪಸ್ಸು ಹೋಗಿದ್ದಾನೆ ಅಂತ ಗೊತ್ತಾಯ್ತು. ಇನ್ನೊಬ್ಬ ಪೀಣ್ಯದ ಹತ್ತಿರ ಒಂದು ಬೇಕರಿಯಲ್ಲಿ ಸಿಕ್ಕ. ಮೇಷ್ಟ್ರ ಹೆಸರು ಹೇಳಿದ ತಕ್ಷಣ ಬಾಲ್ಕೋವಾ ಕಟ್ಟುತ್ತಿದ್ದ ಕೈ ನಿಲ್ಲಿಸಿದ. ಗಣಿತ ಒಂದೇ ಬಾಕಿ ಇದೆಯಂತೆ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿಸಿದ್ದೀವಿ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಬಿಡುವಿರುತ್ತೆ ಅಂದ, ನಮ್ಮ ಗುಂಪಿನ ಒಬ್ಬಳು ಹೋಗಿ ಲೆಕ್ಕ ಹೇಳಿಕೊಡ್ತಿದ್ದಾಳೆ. ಪಾಸಾಗ್ತಾನೋ ಇಲ್ವೋ ಗೊತ್ತಿಲ್ಲ. ಅವನ ಸಾಲಿನಲ್ಲಿ 'ಗೊತ್ತಿಲ್ಲ' ಹೊಡೆದು 'ಬೇಕರಿ, ಗಣಿತ ಓದ್ತಿದಾನೆ' ಅಂತ ಬರ್ಕೊಂಡೆ ಅಂತ ಮೇಷ್ಟ್ರು ಫೋನ್ ಮಾಡಿ ಹೇಳಿದ್ರು.

ನಿಮ್ಮೂರ ಶಾಲೆಯ ಹೆಡ್ಮಾಷ್ಟ್ರನ್ನ ಕೊನೇ ಸಲ ಮಾತಾಡಿಸಿದ್ದು ಯಾವಾಗ? ಏನು ಕೊಡೋಣ ಅಂತ ಕೇಳೋ ಮೊದಲು, ಹೋದ ವರ್ಷ ಬಿಟ್ಟುಹೋದ ಮಕ್ಕಳು ಈಗ ಎಲ್ಲಿದ್ದಾರೆ ಸಾರ್ ಅಂತ ಒಂದು ಸಲ ಕೇಳಿ ನೋಡಿ. ಉತ್ತರ ಏನು ಬಂತು ಅಂತ ಕೆಳಗೆ ಬರೀರಿ, ಕಾಯ್ತಿರ್ತೀನಿ.